ಕೊನೆಯ ಬದಲಿ ಆಟಗಾರ

ದುಬೈನ ದೇರಾದ ಫುಟ್‌ಬಾಲ್ ಅಕಾಡೆಮಿಯಲ್ಲಿ ಪುಟ್ಟ ಮಕ್ಕಳ ಶೂ ಲೇಸ್ ಕಟ್ಟುತ್ತಿದ್ದವನು ಅಬುಧಾಬಿಯ ಸಣ್ಣ ಕಾಲೇಜೊಂದಕ್ಕೆ ಸಹಾಯಕ ಫುಟ್‌ಬಾಲ್ ಕೋಚ್ ಆಗಿ ಬಂದೆ. ವೀಸಾದಲ್ಲಿ ಮಾತ್ರ ಲ್ಯಾಬ್ ಅಸಿಸ್ಟೆಂಟ್. ಸೀಸನ್ ನಡುವೆ ಮುಖ್ಯ ಕೋಚ್ ಕೆಲಸ ಬಿಟ್ಟಾಗ ತಂಡ ನನ್ನ ಕೈಗೆ ಬಂತು. ರಂಜಾನಿನ ಪಂದ್ಯ ನೋಡಿ ನಿನ್ನನ್ನೇ ಮುಖ್ಯ ಕೋಚ್ ಮಾಡುವುದೋ ಎಂದು ತೀರ್ಮಾನಿಸುತ್ತೇನೆ ಎಂದರು ಕ್ರೀಡಾ ಮ್ಯಾನೇಜರ್. ಹೊರಗಿನಿಂದ ಬರುವ ಕೋಚ್ ತನ್ನ ಸಹಾಯಕನನ್ನೂ ಕರೆತರುವುದು ಈ ವೃತ್ತಿಯ ರೂಢಿ. ಹಾಗಾಗಿ ನಾನು ಮುಖ್ಯ ಕೋಚ್ ಆಗಬೇಕಿತ್ತು, ಇಲ್ಲವೇ ಹೊರಡಬೇಕಿತ್ತು.

ಪಂದ್ಯ ಇಫ್ತಾರ್‌ಗೆ ಸ್ವಲ್ಪ ಮುಂಚೆ ಮುಗಿಯುವಂತಿತ್ತು. ತಂಡದ ಅರ್ಧದಷ್ಟು ಹುಡುಗರು ಉಪವಾಸವಿದ್ದರು. ಅವರಲ್ಲಿ ಯಾರನ್ನು ಯಾವಾಗ ಹೊರಗೆ ಕರೆಯಬೇಕೆಂದು ಹಿಂದಿನ ದಿನವೇ ಯೋಚಿಸಿಟ್ಟಿದ್ದೆ. ಉಳಿದವರಿಗೆ ನೀರಿದೆಯಲ್ಲ ಎಂದು ಅವರ ಬಗ್ಗೆ ಚಿಂತಿಸಲಿಲ್ಲ.

ಒಂದೊಂದು ಗೋಲಿನ ಸಮಬಲ. ಒಂದೇ ಬದಲಾವಣೆ ಉಳಿದಿತ್ತು. ಅದನ್ನು ಉಪವಾಸವಿದ್ದ ಕ್ಯಾಪ್ಟನ್‌ಗಾಗಿ ಕಾದಿರಿಸಿದ್ದೆ. ಬೆಂಚಿನಲ್ಲಿದ್ದವನು ಎರಡನೇ ಗೋಲ್‌ಕೀಪರ್ ಒಬ್ಬನೇ. ಚೆಂಡು ಹೊರಗೆ ಹೋದಾಗ, ಉಳ್ಳಾಲ ಕಡೆಯ ಆ ಕ್ಯಾಪ್ಟನ್ ಗೆರೆಯ ಬಳಿ ಓಡಿ ಬಂದ.

"ಸರ್, ನನ್ನನ್ನಲ್ಲ. ಅವನನ್ನು ತೆಗೀರಿ."

ಅವನು ತೋರಿಸಿದ್ದು ಉಡುಪಿ ಕಡೆಯ ಹುಡುಗನನ್ನು, ನಮ್ಮ ಮಿಡ್‌ಫೀಲ್ಡರನ್ನು.

"ಅವನಿಗೆ ಎಂತದಾ?"

"ಬೆಳಿಗ್ಗೆಯಿಂದ ನೀರು ಮುಟ್ಲಿಲ್ಲ. ನಮ್ಮ ಎದುರು ಕುಡಿಯುದಿಲ್ಲಂತೆ. ನನಗಿಂತ ದೊಡ್ಡ ಉಪವಾಸ ಅವನದ್ದು."

ಹುಡುಗ ಮೊಣಕಾಲಿಗೆ ಕೈ ಊರಿ ನಿಂತಿದ್ದ. ನನ್ನ ನೆನಪಿನಲ್ಲಿ, ಕ್ಯಾಪ್ಟನ್ ಬಾಯಿ ತೆರೆಯುವ ಮೊದಲೇ ನಾನು ಅದನ್ನು ಗಮನಿಸಿದ್ದೇನೆ. ಈ ನೆನಪನ್ನು ನಾನು ನಂಬುವುದಿಲ್ಲ. ನನಗೆ ಅನುಕೂಲವಾಗುವಷ್ಟು ಸ್ಪಷ್ಟವಾಗಿದೆ ಅದು. ಖಚಿತವಾಗಿ ಗೊತ್ತಿರುವುದು ಇಷ್ಟು: ತಿರುಗಿ ಮ್ಯಾನೇಜರ್ ಕುಳಿತ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ಗೋಲ್‌ಕೀಪರ್‌ಗೆ ಬದಲಿ ಆಟಗಾರರ ಮೇಲಂಗಿ, ಬಿಬ್, ತೆಗೆಯಲು ಹೇಳಿದೆ.

"ನಾನಾ ಸರ್? ಮಿಡ್‌ಫೀಲ್ಡಿಗಾ?"

"ಹೌದು ಮಾರಾಯ. ಚೆಂಡನ್ನು ಕೈಯಲ್ಲಿ ಮಾತ್ರ ಹಿಡಿಯಬೇಡ. ಯಲ್ಲಾ, ಹೋಗು."

ಹೊರಬಂದ ಹುಡುಗ, "ಐ ಆ್ಯಮ್ ಫೈನ್, ಕೋಚ್," ಎನ್ನುತ್ತಲೇ ಕುಸಿದು ಕುಳಿತ. ಬಾಟಲಿ ಕೊಟ್ಟರೆ ಮೈದಾನದತ್ತ ಕಣ್ಣು ಹಾಯಿಸಿದ. ನಾನು ಅಡ್ಡ ನಿಂತೆ. ನನ್ನ ಬೆನ್ನ ಹಿಂದೆ ಅವನು ಗುಟುಕು ಗುಟುಕಾಗಿ ಕುಡಿಯುವುದು ಕೇಳಿಸುತ್ತಿತ್ತು. ಅದು ಮುಗಿಯುವ ಮೊದಲೇ, ಅವನು ಬಿಟ್ಟುಬಂದ ಜಾಗದಿಂದಲೇ ಎದುರಾಳಿಗಳು ನುಗ್ಗಿ ಗೋಲು ಹೊಡೆದರು.

ನಾವು ಸೋತೆವು. ಮಸೀದಿಯಲ್ಲಿ ಬಾಂಗ್ ಆದಾಗ ಹುಡುಗರು ಖರ್ಜೂರ ಹಂಚಿಕೊಂಡರು. ಮ್ಯಾನೇಜರ್ ಹತ್ತಿರ ಬಂದು, "ಗೋಲ್‌ಕೀಪರನ್ನು ಮಧ್ಯದಲ್ಲಿ ಆಡಿಸುವ ಕೋಚನ್ನು ಇವತ್ತೇ ನೋಡಿದ್ದು," ಎಂದು ನಗುತ್ತ ಕೈ ಕುಲುಕಿದರು. ಆ ನಗುವಿನಲ್ಲೇ ಉತ್ತರವಿತ್ತು. ಆ ಬದಲಾವಣೆಯ ಕಾರಣವನ್ನು ನಾನು ಹೇಳಲಿಲ್ಲ. ಹೇಳಿದರೆ, ಹುಡುಗ ನೀರು ಕುಡಿದಿಲ್ಲವೆಂದು ನಿನಗೇಕೆ ಗೊತ್ತಿರಲಿಲ್ಲ ಎಂದು ಕೇಳುತ್ತಿದ್ದರು. ಕೇಳಬೇಕಾದ್ದೇ.

ಹೊಸ ಕೋಚ್ ಬಂದರು, ತಮ್ಮ ಸಹಾಯಕನೊಂದಿಗೆ. ನಾನೀಗ ಅಬುಧಾಬಿಯದೇ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಶಾಲೆಯೊಂದರಲ್ಲಿ ಮತ್ತೆ ಸಹಾಯಕ. ರಂಜಾನಿನಲ್ಲಿ ನೀರಿನ ಬಾಟಲಿಗಳನ್ನು ಮೈದಾನಕ್ಕೆ ತರುವುದಿಲ್ಲ. ಬಸ್ಸಿನೊಳಗೆ, ಪರದೆ ಎಳೆದ ಕೊನೆಯ ಸೀಟಿನಲ್ಲಿಡುತ್ತೇನೆ. ಉಪವಾಸವಿಲ್ಲದವರನ್ನು ಒಬ್ಬೊಬ್ಬರನ್ನಾಗಿ ಅಲ್ಲಿಗೆ ಕಳಿಸಿ, ಖಾಲಿ ಬಾಟಲಿಯೊಂದಿಗೆ ಇಳಿದು ಬರುವವರೆಗೂ ಬಾಗಿಲಲ್ಲೇ ನಿಲ್ಲುತ್ತೇನೆ.