ಯಶೋದಮ್ಮ ಮತ್ತು ಮಗ್ಗ ಕೇಳಿದ ನಂಬರು

ಕೊಳ್ಳೇಗಾಲದ ಯಶೋದಮ್ಮ ಇಪ್ಪತ್ತೆರಡು ವರ್ಷ ಗ್ರಾಫ್ ಹಾಳೆಯ ಮೇಲೆ ರೇಷ್ಮೆ ಸೀರೆಗೆ ಬುಟ್ಟಾ ಬರೆದವರು. ಅದನ್ನು ನೋಡಿಕೊಂಡು, ಮಗ್ಗಕ್ಕೆ ದಾರಿ ತೋರಿಸುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವುದೂ ಅವರದೇ ಕೆಲಸ. ಒಂದು ತೂತು ಆಚೀಚೆಯಾದರೆ ಸೆರಗಿನ ಮಾವಿನಕಾಯಿ ಬದನೆಕಾಯಿಯಾಗುತ್ತದೆ. ಅವರ ಕೈಯಿಂದ ಅಂಥ ಬದನೆಕಾಯಿ ಒಂದೂ ಬಂದದ್ದಿಲ್ಲ. ಹಾಗಾಗಿ ನೇಕಾರರ ಸಂಘಕ್ಕೆ ಕಂಪ್ಯೂಟರ್ ಮಗ್ಗ ಬಂದಾಗ ಆಡಳಿತ ಮಂಡಳಿಯವರು ಬಹಳ ಯೋಚನೆ ಮಾಡಿ, ಕಂಪ್ಯೂಟರಿನ ಕೆಲಸವನ್ನು ಅವರಿಗೆ ಕೊಟ್ಟು, ಅಡ್ಮಿನ್ ಪಾಸ್‌ವರ್ಡನ್ನು ಮೈಸೂರಿನ ಎಂಜಿನಿಯರ್ ಮೋಹನ್‌ಗೆ ಕೊಟ್ಟರು.

ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಯಶೋದಮ್ಮನಿಗೆ ಸಾದಾ ಲಾಗಿನ್. ಅವರು ಬರೆದ ಡಿಸೈನು ವೈಫೈ ಮೂಲಕ ಮಗ್ಗಕ್ಕೆ ಹೋಗುತ್ತಿತ್ತು. ಒಂದು ದಿನ ವೈಫೈ ಪೆಟ್ಟಿಗೆ ಸುಟ್ಟು ಹೊಸದು ಬಂತು. ಅದು ಕಂಪ್ಯೂಟರಿಗೆ ಬೇರೆ ನಂಬರು ಕೊಟ್ಟಿತು, ಮಗ್ಗ ನಿಂತೇಹೋಯಿತು. ಕಂಪ್ಯೂಟರ್ ಸಿಗುತ್ತಿಲ್ಲ, ಅದರ ನಂಬರು, ಅಂದರೆ ಐಪಿ ವಿಳಾಸ, ಕೊಡಿ ಎಂದು ಮಗ್ಗದ ಪುಟ್ಟ ಪರದೆ ಕೇಳತೊಡಗಿತು.

ಕಾರ್ಯದರ್ಶಿ ನಟರಾಜು ಮೋಹನ್‌ಗೆ ಫೋನು ಮಾಡಿದರು.

"ಐಪಿ ನೋಡೋಕೆ ಅಡ್ಮಿನ್ ಪರ್ಮಿಷನ್ ಬೇಕು ಸರ್. ನಾನೇ ಬರಬೇಕು. ಮುಂದಿನ ವಾರ ನೋಡೋಣ" ಎಂದ ಮೋಹನ್.

ನಟರಾಜು ಶಿಸ್ತಿನ ಮನುಷ್ಯ. ಅಂದೇ ತುರ್ತು ಸಭೆ ಕರೆದು, ಸದರಿ ಎಂಜಿನಿಯರರನ್ನು ಬರಮಾಡಿಕೊಳ್ಳಲು ಸರ್ವಾನುಮತದ ಠರಾವು ಮಾಡಿಸಿದರು. ಮಗ್ಗ ಮಾತ್ರ ಠರಾವಿಗೆ ಒಪ್ಪಲಿಲ್ಲ.

ಮೂರನೆಯ ದಿನ ಯಶೋದಮ್ಮ ಮಗ್ಗದ ಕೈಪಿಡಿ ತೆಗೆದರು. ಅದರಲ್ಲಿ ಹೇಳಿದಂತೆ ಕಂಪ್ಯೂಟರಿಗೆ ಕಮ್ಯಾಂಡ್ ಕೊಡುವ ಕಪ್ಪು ಕಿಟಕಿ ತೆರೆದು ifconfig ಎಂದು ಒತ್ತಿದರು. ಅಂಥ ಕಮ್ಯಾಂಡ್ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

ಹಿಂದೆ ನಿಂತಿದ್ದ ನಟರಾಜುಗೆ ಪರಮ ಸಂತೋಷ. "ನೋಡುದ್ರಾ? ಪರ್ಮಿಷನ್ ಇಲ್ಲ. ಎಂಜಿನಿಯರ್ರು ಏಳ್ಲಿಲ್ವಾ?"

"ಸಿಕ್ಕಿಲ್ಲ ಅಂತದೆ ಸಾ. ಕೊಡಾಕಿಲ್ಲ ಅಂತಿಲ್ವಲ್ಲ."

"ಎರಡೂ ಒಂದೇ ಕಣಮ್ಮ."

ಆಫೀಸಿನಲ್ಲಿ ಮೂವತ್ತು ವರ್ಷ ಕಳೆದವರಿಗೆ ಎರಡೂ ಒಂದೇ ಇರಬಹುದು. ಯಶೋದಮ್ಮನಿಗೆ ಹಾಗನ್ನಿಸಲಿಲ್ಲ. ಮೊಬೈಲಿನಲ್ಲಿ ಹುಡುಕಿ, ಅಲ್ಲಿ ಸಿಕ್ಕ hostname -i ಒತ್ತಿದರು. 127.0.1.1 ಎಂದು ಬಂತು. ಅದನ್ನು ಮಗ್ಗಕ್ಕೆ ಕೊಟ್ಟರು. ಮಗ್ಗ ಅಲ್ಲಾಡಲಿಲ್ಲ. ಮತ್ತೆ ಓದಿದಾಗ ತಿಳಿಯಿತು, ಅದು ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ನಂಬರು. ನಿಮ್ಮ ಮನೆ ಎಲ್ಲಿ ಎಂದರೆ ಇಲ್ಲೇ ಎನ್ನುವವರ ಹಾಗೆ. ಹೊರಗಿನವರು ಹುಡುಕಿಕೊಂಡು ಬರಲು ಬೇಕಾದ ವಿಳಾಸಕ್ಕೆ ದೊಡ್ಡ ಐ ಅಕ್ಷರ ಹಾಕಬೇಕಿತ್ತು. hostname -I ಎಂದು ಒತ್ತಿದ್ದೇ ತಡ, 192.168.1.14 ಬಂದು ಕೂತಿತು. ಪಾಸ್‌ವರ್ಡ್ ಇಲ್ಲ, ಅರ್ಜಿ ಇಲ್ಲ, ಸೀಲು ಇಲ್ಲ.

ಆ ನಂಬರು ಕೊಟ್ಟೊಡನೆ ಮಗ್ಗ ಸದ್ದು ಮಾಡಿತು. ಯಶೋದಮ್ಮನ ಕಣ್ಣು ಒದ್ದೆಯಾದದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ನಟರಾಜು ಮುಖ ನೋಡುತ್ತಿದ್ದರು.

"ಈಗ ಠರಾವಿಗೆ ಏನ್ ಮಾಡೋದು?" ಎಂದರು ನಟರಾಜು.

ಏನೂ ಮಾಡುವಂತಿರಲಿಲ್ಲ. ಮುಂದಿನ ವಾರದ ಗುರುವಾರ ಮೋಹನ್ ಬಂದೇಬಿಟ್ಟ. ನಡೆಯುತ್ತಿದ್ದ ಮಗ್ಗವನ್ನು, ವಾಸಿಯಾದ ರೋಗಿಯನ್ನು ಕಂಡ ಡಾಕ್ಟರಂತೆ ಬೇಸರದಿಂದ ನೋಡಿದ. "ಅಡ್ಮಿನ್ ಪಾಸ್‌ವರ್ಡ್ ಯಾರು ಕೊಟ್ಟಿದ್ದು?"

"ಯಾರೂ ಕೊಡ್ಲಿಲ್ಲ ಸಾ. ಕಂಪ್ಯೂಟ್ರೂ ಕೇಳ್ಲಿಲ್ಲ" ಎಂದರು ಯಶೋದಮ್ಮ.

ಅವನು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಅರ್ಧ ಗಂಟೆ ಏನೇನೋ ಒತ್ತಿ, ಕಾಫಿ ಕುಡಿದು, ಸಮಸ್ಯೆ ಪರಿಹರಿಸಲಾಗಿದೆ ಎಂದು ವರದಿ ಬರೆದ. ನಟರಾಜು ಸಹಿ ಹಾಕಿ ಕಳಿಸಿಕೊಟ್ಟರು.

ಆಮೇಲೆ ಮೆಲ್ಲಗೆ ಯಶೋದಮ್ಮನ ಹತ್ತಿರ ಬಂದರು. "ಆ ನಂಬರು ಒಂದ್ ಚೀಟೀಲಿ ಬರ್ಕೊಡಿ. ಬೀರೂಲಿ ಭದ್ರವಾಗಿ ಮಡಗ್ತೀನಿ."

"ಅದು ಬದಲಾಯ್ತಿರ್ತದೆ ಸಾ."

"ಬದಲಾದ್ರೆ ಇನ್ನೊಂದು ಠರಾವು ಮಾಡನ, ಬರೀರಿ."

ಯಶೋದಮ್ಮ ಬರೆದುಕೊಟ್ಟರು. ನಟರಾಜು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬೀರುವಿನಲ್ಲಿಟ್ಟು, ಬೀಗ ಜಗ್ಗಿ ನೋಡಿ ನೆಮ್ಮದಿಯಾಗಿ ಊಟಕ್ಕೆ ಹೋದರು.