ಗಿಡ್ಡ ಕೂದಲಿನ ಆರು ವರ್ಷ

ಇಂದಿರಾನಗರದ ಆಫೀಸಿಗೆ ಹೋಗುವಾಗ ಸ್ಕೂಟರಿನಿಂದ ಬಿದ್ದು ನನ್ನ ಕುತ್ತಿಗೆಯ ಮೂಳೆ ಮುರಿಯಿತು. ಕಾಲುಗಳು ಪೂರ್ತಿ ಹೋದವು. ತೋಳು ಸ್ವಲ್ಪ ಎತ್ತಬಲ್ಲೆ, ಬೆರಳು ಮಡಚಲಾರೆ. ಆಸ್ಪತ್ರೆಯಿಂದ ಜೋಗುಪಾಳ್ಯದ ಮನೆಗೆ ಬಂದ ವಾರದಲ್ಲೇ ಅಮ್ಮ ನನ್ನ ಸೊಂಟದುದ್ದದ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಬಿಟ್ಟಳು. ಮಲಗಿದಲ್ಲೇ ತಲೆ ತೊಳೆಯಬೇಕು, ಒಣಗಿಸಬೇಕು. ಅವಳೊಬ್ಬಳೇ ಎಷ್ಟೂಂತ ಮಾಡಿಯಾಳು? ಆಮೇಲೆ ಎರಡು ತಿಂಗಳಿಗೊಮ್ಮೆ ಪಕ್ಕದ ಬೀದಿಯ ಕ್ಷೌರದಂಗಡಿಯವರು ಮನೆಗೇ ಬಂದು ಕತ್ತರಿ ಆಡಿಸಿ ಹೋಗುವುದು ರೂಢಿಯಾಯಿತು. ಹಾಗೆ ಆರು ವರ್ಷ ಕಳೆಯಿತು.

ಅಮ್ಮನ ಮಂಡಿ ಸೋತ ಮೇಲೆ ನನ್ನನ್ನು ನೋಡಿಕೊಳ್ಳಲು ಒಬ್ಬಾಕೆ ಬಂದಳು. ಯಾದಗಿರಿ ಕಡೆಯವಳು, ಗಂಡ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದರಲ್ಲಿದ್ದ. ಅವಳಿಗಿಂತ ಮುಂಚೆ ಬಂದವರು ನನಗೆ ಟೀ ಬೇಕೋ ಕಾಫಿ ಬೇಕೋ ಎಂದು ಅಮ್ಮನನ್ನು ಕೇಳುತ್ತಿದ್ದರು. ಇವಳು ನನ್ನನ್ನೇ ಕೇಳುತ್ತಿದ್ದಳು. ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತುವ ಮೊದಲು "ಏಳೂಣೇನ್ರಿ?" ಎಂದು ನಿಂತು, ನಾನು ಹೂಂ ಅಂದ ಮೇಲೆಯೇ ಕೈ ಹಾಕುವಳು.

ಕ್ಷೌರದವರು ಬಂದ ದಿನ ಅವಳು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವರು ಕತ್ತರಿ ತೆಗೆದಾಗ ಮೆಲ್ಲಗೆ ಕೇಳಿದಳು:

"ಅಕ್ಕಾರ, ಕೂದ್ಲ ಗಿಡ್ಡ ಇರಲಿ ಅಂತ ನೀವ ಹೇಳೀರೇನು?"

ಅಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಉದ್ದ ಕೂದಲೇ ಇಷ್ಟ ಎಂದೆ. ಕ್ಷೌರದವರು ಟೀ ಕುಡಿದು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಅಮ್ಮನಿಗೆ ಸಿಟ್ಟು ಬಂತು. "ನಾಳೆ ಇವಳು ಬರ್ಲಿಲ್ಲ ಅಂದ್ರೆ ಯಾರೇ ಬಾಚೋದು? ನನ್ನ ಕೈಲಾಗಲ್ಲ." ಅವಳು ಹೇಳಿದ್ದು ತಪ್ಪೇನಲ್ಲ.

ಬೆಳೆಯುವ ಕೂದಲಿನ ಕಾಟವೂ ಕಡಿಮೆಯಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಸರಿಸಲಾರದೆ ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದೆ. ಕ್ಲಿಪ್ಪು ಹಾಕಿದರೆ ಕುರ್ಚಿಗೆ ತಲೆಯಾನಿಸಿದಾಗ ಚುಚ್ಚುತ್ತಿತ್ತು. ಯಾದಗಿರಿಯವಳು ಹಳೆಯ ಸೀರೆಯ ಅಂಚು ಹರಿದು ಪಟ್ಟಿ ಕಟ್ಟಿದಳು. ಜಡೆ ಬರುವಷ್ಟಾದಾಗ ಬೆನ್ನಿನಡಿ ಸಿಗದಂತೆ ಬಲಭುಜದ ಮೇಲೆ ತಂದಳು. ಒಂದೂವರೆ ವರ್ಷಕ್ಕೆ ಅದು ಎದೆಯ ಮೇಲೆ ಇಳಿಬಿದ್ದು ನನಗೆ ಕಾಣುವಂತಾಯಿತು. ಮನೆಯಿಂದಲೇ ಮಾಡುತ್ತಿದ್ದ ಆಫೀಸಿನ ಕೆಲಸದ ವಿಡಿಯೋ ಕಾಲಿಗೆ ಮೊದಲ ಸಲ ಕ್ಯಾಮೆರಾ ಆನ್ ಮಾಡಿಸಿದೆ.

ಅಷ್ಟರಲ್ಲಿ ತನ್ನ ತಂಗಿಯ ಬಾಣಂತನಕ್ಕೆಂದು ಅವಳು ಒಂದು ತಿಂಗಳು ಊರಿಗೆ ಹೋದಳು. ಬದಲಿಗೆ ಬಂದಾಕೆ ಒಳ್ಳೆಯವಳೇ, ಆದರೆ ಗಡಿಬಿಡಿಯವಳು. ಕೂದಲು ಕತ್ತರಿಸಿದರೆ ಎಲ್ಲರಿಗೂ ಸುಲಭ ಎಂದಳು. ಅಮ್ಮ ನನ್ನ ಮುಖ ನೋಡಿದಳು.

"ಬೇಡ. ನನಗೆ ಜಡೆ ಬೇಕು," ಎಂದೆ.

ಎರಡು ದಿನ ತಲೆ ಸಿಕ್ಕುಸಿಕ್ಕಾಗಿಯೇ ಇತ್ತು. ಮೂರನೆಯ ಮಧ್ಯಾಹ್ನ ಅಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದು ನನ್ನ ಹಿಂದೆ ಹಾಕಿಕೊಂಡು ಕೂತಳು. ಕೊಬ್ಬರಿ ಎಣ್ಣೆ ಸುರಿದಳು, ಗೊಣಗಿದಳು, ಶಾಲೆಗೆ ಕಳಿಸುವಾಗಿನಂತೆಯೇ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆದಳು. ನೋಯುತ್ತಾ ಎಂದು ಕೇಳಿದಳು. ನೋಯುತ್ತಿತ್ತು. ಇಲ್ಲ ಎಂದೆ. ಆರು ವರ್ಷ ನನ್ನನ್ನು ತೊಳೆದು, ಹೊರಳಿಸಿ, ಉಣಿಸಿದ ಅವಳಿಗೆ ಹೀಗೆ ಸುಮ್ಮನೆ ನನ್ನ ಜೊತೆ ಕೂರಲು ಪುರುಸೊತ್ತೇ ಸಿಕ್ಕಿರಲಿಲ್ಲ. ಮರುದಿನವೂ ಅವಳೇ ಬಂದು ಕೂತಳು. ಅದರ ಮರುದಿನವೂ.

ಯಾದಗಿರಿಯಿಂದ ಹಿಂತಿರುಗಿದವಳು ಬಾಚಣಿಗೆ ಕೈಗೆತ್ತಿಕೊಂಡಾಗ ಅಮ್ಮ ತಡೆದಳು. "ನೀನು ಬೇರೆ ಕೆಲ್ಸ ನೋಡ್ಕೋ. ಇದು ನಂಗಿರ್ಲಿ."

ಅವಳು ನಕ್ಕು ಬಾಚಣಿಗೆ ಕೊಟ್ಟಳು. ಈಗ ಕೆಲವು ದಿನ ಅಮ್ಮನ ಬೆರಳು ಅರ್ಧಕ್ಕೇ ಸೋಲುತ್ತವೆ. ಉಳಿದರ್ಧವನ್ನು ಅವಳು ಹೆಣೆಯುತ್ತಾಳೆ.