ಕೆಳಗೆ ಕುಳಿತು ಬೆಟ್ಟ ಹತ್ತಿಸಿದವರು

ಪ್ರತಿ ಭಾನುವಾರ ಬೆಳಿಗ್ಗೆ ಹನುಮನಹಳ್ಳಿಯಲ್ಲಿ, ಅಂಜನಾದ್ರಿಯ ಮೆಟ್ಟಿಲುಗಳ ಕೆಳಗಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಶರಣಪ್ಪ ಸರ್ ನಮ್ಮನ್ನು ಮುನ್ನಡೆಸುತ್ತಿದ್ದರು. ಹತ್ತುವವರು ನಾವು, ಅವರಿಗೆ ಮಂಡಿನೋವು. ಅರ್ಧ ದಾರಿಯಲ್ಲಿ ಉಸಿರು ಸಾಲದೆ ನಿಂತರೆ ಫೋನ್ ಬರುತ್ತಿತ್ತು. "ಯಾಕ ನಿಂತ್ರಿ? ಗಿರಾಕಿ ಮ್ಯಾಲ ಕುಂತಾನಂತ ತಿಳ್ಕೊಂಡು ಹತ್ರಿ."

ನೀರಿನ ಫಿಲ್ಟರ್ ಮಾರುವ ಕಂಪನಿಯೊಂದರ ಕೊಪ್ಪಳ ಶಾಖೆಗೆ ಅವರು ಮ್ಯಾನೇಜರ್. ಊರೂರು ತಿರುಗಿ ಮಾರುವವರು ಗವಿಸಿದ್ದಪ್ಪ, ರೆಹಾನಾ ಮತ್ತು ನಾನು. ಈ ಮೂವರನ್ನು ಅವರು 'ನನ್ನ ಪಡೆ' ಎನ್ನುತ್ತಿದ್ದರು. ಎಂ.ಕಾಂ. ಮುಗಿಸಿ ಸೇರಿದ ಮೊದಲ ದಿನವೇ ನನ್ನನ್ನು ಎಲ್ಲರ ನಡುವೆ ನಿಲ್ಲಿಸಿ, 'ನಾನು ಹುಲಿ' ಎಂದು ಕೂಗಲು ಹೇಳಿದರು. ಕೂಗಿದೆ. "ಇದು ಹುಲಿ ಅಲ್ರಿ ಮೇಡಂ, ಹುಲಿ ನೋಡಿದ ಆಡು," ಎಂದರು.

ಒಮ್ಮೆ ಮಾರುವುದು ಹೇಗೆಂದು ತೋರಿಸಲು ಯಲಬುರ್ಗಾಕ್ಕೆ ತಾವೇ ನನ್ನ ಜೊತೆ ಬಂದರು. ಮನೆಯೊಡತಿ ಫಿಲ್ಟರ್ ಎಲ್ಲಿಡಬೇಕೆಂದು ಆಗಲೇ ಜಾಗ ನೋಡಿಟ್ಟಿದ್ದರು. ಸರ್ ಮಾತು ಶುರು ಮಾಡಿದರು. ಮನುಷ್ಯನ ದೇಹದಲ್ಲಿ ನೀರೆಷ್ಟು ಎಂಬಲ್ಲಿಂದ ಹೊರಟು ಮೂತ್ರಪಿಂಡದವರೆಗೆ ಬರುವಷ್ಟರಲ್ಲಿ ಆಕೆಯ ಒಲೆಯ ಮೇಲಿನ ಬೇಳೆ ಸೀದಿತ್ತು.

"ತಗೋಬೇಕಂತನ ಇದ್ದೆ ನೋಡ್ರಿ," ಎಂದರು ಆಕೆ. "ಒಂದು ವಾಟಿ ನೀರಿಗೆ ಇಷ್ಟು ಕೇಳಬೇಕಂದ್ರ ನಮ್ಮ ಕೊಡಾನ ಛಲೋ."

ಹೊರಗೆ ಬಂದ ಮೇಲೆ ಸರ್ ನನ್ನ ಕಡೆ ತಿರುಗಿದರು. "ನಿಮ್ಮ ಮುಖ ನೋಡಿ ಬ್ಯಾಡ ಅಂದ್ರು. ಸ್ವಲ್ಪ ನಗಬೇಕ್ರಿ."

ಕೆಟ್ಟವರಾಗಿರಲಿಲ್ಲ. ಬೆಟ್ಟ ಇಳಿದು ಬಂದಾಗ ತಮ್ಮದೇ ದುಡ್ಡಿನಲ್ಲಿ ಬಿಸಿ ಮಿರ್ಚಿ, ಮಂಡಕ್ಕಿ ತರಿಸಿಟ್ಟಿರುತ್ತಿದ್ದರು. ನನಗೆ ಖಾರ ಆಗದೆಂದು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ನನ್ನ ಪ್ಲೇಟಿನಲ್ಲಿ ಬಾಳೆಕಾಯಿ ಬಜ್ಜಿ ಇರುತ್ತಿತ್ತು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಭಾನುವಾರ ಕಳೆದುಕೊಳ್ಳುವುದೂ ಕಷ್ಟ.

ಒಂದು ದಿನ ರೆಹಾನಾ ಹೇಳಿದಳು: "ಸಾಲ್ಯಾಗ ನಮ್ಮ ಮನಿ ಚಿತ್ರ ಬರಿ ಅಂದಾರ. ನನ್ನ ಮಗಳು ಅಪ್ಪನ್ನ, ದಾದೀನ್ನ ಮನ್ಯಾಗ ಬರದಾಳ. ನನ್ನನ್ನ ಮಾತ್ರ ಗುಡ್ಡದ ಮ್ಯಾಲ ಬರದಾಳ."

ನಾವು ನಗಲಿಲ್ಲ. ಗವಿಸಿದ್ದಪ್ಪ ದನಿ ತಗ್ಗಿಸಿ ಹೇಳಿದ. "ಹುಬ್ಬಳ್ಯಾಗ ದೊಡ್ಡ ಸಾಹೇಬ್ರ ಕುರ್ಚಿ ಖಾಲಿ ಐತಂತ. ಯಾವ ಶಾಖೆ ಮಾರಾಟದಾಗ ಮೊದಲು ಬರತೈತಿ, ಆ ಶಾಖೆ ಮ್ಯಾನೇಜರ್‌ಗ ಕೊಡ್ತಾರಂತ."

ಮರುದಿನದಿಂದ ನಾವು ಮಾರಿದ ರೀತಿಯನ್ನು ಯಾವ ಪಠ್ಯಪುಸ್ತಕವೂ ವಿವರಿಸಲಾರದು. ಗವಿಸಿದ್ದಪ್ಪ ಕುಷ್ಟಗಿಯ ತನ್ನ ಬೀಗರನ್ನೂ ಬಿಡಲಿಲ್ಲ. ರೆಹಾನಾ ಸಿದ್ದಾಪುರದಲ್ಲಿ ಒಂದು ಓಣಿಗೆ ಓಣಿಯನ್ನೇ ಒಪ್ಪಿಸಿ ಬಂದಳು. ನಾನು ಗಂಗಾವತಿಯಲ್ಲಿ ಅಪರಿಚಿತರ ಮನೆಯ ಪಡಸಾಲೆಯಲ್ಲಿ ಕುಳಿತು ನಕ್ಕೆ.

ನಮ್ಮ ಶಾಖೆ ಮೊದಲು ಬಂತು. ಬೀಳ್ಕೊಡುಗೆಯ ದಿನ ಸರ್ ಕಣ್ಣೊರೆಸಿಕೊಂಡರು. "ಪಡೆ ಕಟ್ಟೋದು ಅಂದ್ರ ಇದು. ನಿಮ್ಮೊಳಗ ಒಂದು ಹಸಿವು ಹುಟ್ಟಿಸಿದ್ನಿ."

"ಖರೆ ಐತ್ರಿ ಸರ್," ಎಂದ ಗವಿಸಿದ್ದಪ್ಪ. ಅವನ ಕಣ್ಣಲ್ಲೂ ನೀರಿತ್ತು.

ಅವರು ಹೋದರು. ಭಾನುವಾರಗಳು ಮರಳಿ ಬಂದವು, ಮಾರಾಟ ಕುಸಿಯಿತು. ಹುಬ್ಬಳ್ಳಿ ಕಚೇರಿಯಿಂದ ಫೋನ್ ಬಂತು, ನಾನು ಸ್ಪೀಕರಿಗೆ ಹಾಕಿದೆ. ಆ ಕಡೆಯವರು ಗಂಭೀರವಾಗಿ, "ಇದರಿಂದ ಶರಣಪ್ಪನವರ ನಾಯಕತ್ವದ ಬೆಲೆ ಏನೆಂದು ಗೊತ್ತಾಯಿತು. ಅವರನ್ನೇ ವಾಪಸ್ ಕಳಿಸುವ ವಿಚಾರವಿದೆ," ಎಂದರು.

ನಾನು ಫೋನಿಡುವಷ್ಟರಲ್ಲಿ ಗವಿಸಿದ್ದಪ್ಪ ಬೈಕ್ ಸ್ಟಾರ್ಟ್ ಮಾಡಿಯಾಗಿತ್ತು. ರೆಹಾನಾ ಮಾದರಿ ಫಿಲ್ಟರನ್ನು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ಆ ತಿಂಗಳೂ ನಾವೇ ಮೊದಲು. ಸರ್ ಹುಬ್ಬಳ್ಳಿಯಿಂದ ಫೋನ್ ಮಾಡಿದರು. "ನೋಡ್ರಿ ಮೇಡಂ, ನಾ ಅಲ್ಲಿ ಇಲ್ಲದಿದ್ರೂ ನಿಮ್ಮನ್ನ ನಡಸಾವ ನಾನ."

"ಹೌದ್ರಿ ಸರ್," ಎಂದೆ. ಅವರಿಗೆ ನಾನು ಹೇಳಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.